ಎಡಗಡೆ ನಿಂತವಳು

ಕಾಪು, 12 ಸೆಪ್ಟೆಂಬರ್ 2024

ಪ್ರೀತಿಯ ಆನ್ಸಿಲ್ಲಾ ಬಾಯಿಗೆ,

ನಿಮ್ಮ ತಮ್ಮನ ಹೆಂಡತಿ ಜೆನಿಟಾ ಬರೆಯುವುದು. ಕೊಂಕಣಿಯಲ್ಲಿ ಬರೆದರೆ ನಿಮ್ಮ ಮದರ್ ಸುಪೀರಿಯರಿಗೆ ಓದಲು ಬರುವುದಿಲ್ಲ, ಅವರು ಓದದೆ ಪತ್ರ ನಿಮ್ಮ ಕೈಗೆ ಸಿಗುವುದಿಲ್ಲ ಎಂದು ಅತ್ತೆ ಹೇಳಿದರು. ಹಾಗಾಗಿ ಕನ್ನಡದಲ್ಲಿಯೇ. ಹಿರಿಯಡ್ಕ ಶಾಲೆಯ ಕನ್ನಡ, ತಪ್ಪಿದ್ದರೆ ಮದರ್ ಕೆಂಪು ಶಾಯಿಯಲ್ಲಿ ತಿದ್ದಲಿ. ಫೋನ್ ಇಲ್ಲದ, ಹೊರಗೆ ಕಾಲಿಡದ ಮಠಕ್ಕೆ ಹೋದವರ ಹತ್ತಿರ ಜಗಳ ಮಾಡುವುದಿದ್ದರೂ ಅಂಚೆಯಲ್ಲೇ ಮಾಡಬೇಕು, ಎಂತ ಮಾಡುವುದು!

ಬರೆಯಲು ಕಾರಣ ನನ್ನ ಮಗಳು ಡೈನಾ. ಆರು ತುಂಬಿದ ಮೇಲೆ ಈ ಹುಡುಗಿಗೆ ಎಂತ ಆಯಿತೋ ಗೊತ್ತಿಲ್ಲ. ಶಾಲೆಯ ವ್ಯಾನಿನಲ್ಲಿ ನಿದ್ರೆ, ಊಟದ ಬಟ್ಟಲಿನ ಮುಂದೆ ನಿದ್ರೆ. ಬೇಸಿಗೆಯಲ್ಲಿ ಹೊಲಿದ ಫ್ರಾಕು ಈಗ ಸೊಂಟದಿಂದ ಕೆಳಗೆ ಇಳಿಯುವುದಿಲ್ಲ, ಅಷ್ಟು ದಪ್ಪ ಆಗಿದ್ದಾಳೆ. ಊರಿನವರ ರವಿಕೆ ಹೊಲಿದು ಬದುಕುವವಳು ನಾನು, ನನಗೆ ಅಳತೆ ತಪ್ಪುವುದಿಲ್ಲ. ಸಂಜೆ ಎಲ್ಲರೂ ತೇರ್ಸ್ ಹೇಳಲು ಮೊಣಕಾಲೂರಿದರೆ, ಜಪಮಾಲೆಯ ಎರಡನೇ ಹತ್ತು ಮಣಿ ಮುಗಿಯುವ ಮೊದಲೇ ಇವಳು ನೆಲಕ್ಕೆ. ಅತ್ತೆಗೆ ಸಿಟ್ಟು. “ತೇರ್ಸಿನಲ್ಲಿ ಮಕ್ಕಳನ್ನು ಮಲಗಿಸುವುದು ಸೈತಾನ” ಎಂದು ಕೈ ಚಾಚಿಸಿ ಮೊಣಕಾಲಿನಲ್ಲೇ ನಿಲ್ಲಿಸುತ್ತಾರೆ.

ಮತ್ತೊಂದು ಉಂಟು. ನಕ್ಕರೆ ಬೀಳುತ್ತಾಳೆ. ತಮಾಷೆಯಲ್ಲ. ಮರಿಯಮ್ಮ ಹುಟ್ಟಿದ ಮೊಂತಿ ಹಬ್ಬದ ಊಟಕ್ಕೆ ಬಂದ ನಿಮ್ಮ ಲಿಯೋನೆಲ್ ಮಾಮ ಬೆಕ್ಕಿನ ಹಾಗೆ ಕೂಗಿ ತೋರಿಸಿದರು. ಡೈನಾ ಕಿಲಕಿಲ ನಕ್ಕಳು, ಬಾಯಿ ಜೋತಿತು, ನಾಲಿಗೆ ಹೊರಗೆ ಬಂತು, ಒದ್ದೆ ಬಟ್ಟೆಯ ಹಾಗೆ ಕುಸಿದಳು. ಕಣ್ಣು ತೆರೆದೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ತಾನೇ ಎದ್ದಳು. ನಾಟಕ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲಿಯ ಒಬ್ಬ ಡಾಕ್ಟರಿಗೆ ತೋರಿಸಿದೆ. ಫಿಟ್ಸ್ ಇರಬಹುದು ಎಂದು ಸಿರಪ್ ಬರೆದುಕೊಟ್ಟರು. ಅದನ್ನು ಕುಡಿದರೆ ಇನ್ನೂ ನಿದ್ರೆ. ನಿಮ್ಮ ತಮ್ಮ ಸ್ಟೀವನ್ ಬಹರೈನಿನಿಂದ ಫೋನ್ ಮಾಡಿ “ಅಮ್ಮ ಹೇಳಿದ ಹಾಗೆ ಮಾಡು” ಎನ್ನುತ್ತಾರೆ.

ನಿಮ್ಮ ಪ್ರಾರ್ಥನೆ ದೇವರಿಗೆ ಬೇಗ ಕೇಳುತ್ತದಂತೆ. ಒಮ್ಮೆ ಕೇಳಿಸಿ ಮಾರಾಯ್ತಿ.

ಜೆನಿಟಾ


ಬೀದರ್, 4 ಅಕ್ಟೋಬರ್ 2024

ಪ್ರಿಯ ಜೆನಿಟಾ,

ನಿನ್ನ ಪತ್ರ ಓದಿ ಮದರ್ ಜೋರಾಗಿ ನಕ್ಕರು. ಕೆಂಪು ಶಾಯಿ ಮುಗಿದಿದೆ ಎಂದು ಬರೆಯಲು ಹೇಳಿದ್ದಾರೆ. ನಾನು ನಗಲಿಲ್ಲ. ಇಲ್ಲಿ ನನಗೆ ಗಂಟುಮೋರೆ ಸಿಸ್ಟರ್ ಎಂದೇ ಹೆಸರು, ಹೆಸರು ಕೆಡಿಸಿಕೊಳ್ಳಬಾರದಲ್ಲ.

ತೇರ್ಸಿನಲ್ಲಿ ನಿದ್ರೆ ಮಾಡದ ಮಕ್ಕಳು ಆ ಮನೆಯಲ್ಲಿ ಹುಟ್ಟಿದ್ದುಂಟೇ? ನಾನೂ ಮಲಗುತ್ತಿದ್ದೆ. ಅಮ್ಮ ತಾಮ್ರದ ಚೊಂಬಿನಲ್ಲಿ ನೀರು ಇಟ್ಟುಕೊಂಡೇ ಪ್ರಾರ್ಥನೆಗೆ ಬರುತ್ತಿದ್ದರು. ನನ್ನ ತಲೆ ವಾಲಿತೋ, ಮುಖಕ್ಕೆ ನೀರು. ಈಗಲೂ ಬೆಳಗಿನ ಧ್ಯಾನದಲ್ಲಿ ಜಪಮಾಲೆಯ ಶಿಲುಬೆಯನ್ನು ಅಂಗೈಗೆ ಒತ್ತಿ ಹಿಡಿಯುತ್ತೇನೆ, ಗಾಯವಾದರೆ ಎಚ್ಚರವಿರುತ್ತದೆ. ಶರೀರ ಸೋಮಾರಿ, ಅದರ ಹತ್ತಿರ ಜಗಳವಾಡಲೇಬೇಕು. ಡೈನಾಳಿಗೂ ಅಭ್ಯಾಸವಾಗುತ್ತದೆ. ಅಮ್ಮನ ಮೇಲೆ ಸಿಟ್ಟು ಮಾಡಬೇಡ.

ಬೀಳುವ ವಿಷಯ ಕೇಳಿ ಬೇಸರವಾಯಿತು. ತಂದೆ ದೂರವಿದ್ದಾನೆ, ತಾಯಿ ಮೆಷಿನ್ ಬಿಟ್ಟು ಏಳುವುದಿಲ್ಲ. ಮಕ್ಕಳು ಯಾರಾದರೂ ನೋಡಲಿ ಎಂದು ಏನೇನೋ ಮಾಡುತ್ತವೆ. ಸ್ವಲ್ಪ ಮಡಿಲಲ್ಲಿ ಕೂರಿಸಿಕೊ.

ಆನ್ಸಿಲ್ಲಾ


ಕಾಪು, 9 ನವೆಂಬರ್ 2024

ಆನ್ಸಿಲ್ಲಾ ಬಾಯಿ,

ಮೆಷಿನ್ ಬಿಟ್ಟು ಎದ್ದಿದ್ದೇನೆ, ಸಂತೋಷವೋ? ಮಡಿಲಲ್ಲೂ ಕೂರಿಸಿಕೊಂಡೆ. ಮಡಿಲಲ್ಲಿಯೇ ಕಥೆ ಕೇಳಿ ನಕ್ಕಳು, ಮಡಿಲಲ್ಲಿಯೇ ಕುಸಿದಳು. ಯಾರು ನೋಡಲಿ ಎಂದು?

ಈಗ ಹೊಸತು ಶುರುವಾಗಿದೆ. ಮಲಗಿ ಕಣ್ಣು ಮುಚ್ಚಿದ ಕೂಡಲೇ ಒಬ್ಬಳು ಹೆಂಗಸು ಬರುತ್ತಾಳಂತೆ. ಮಂಚದ ಎಡಗಡೆ ನಿಲ್ಲುತ್ತಾಳಂತೆ. ಉದ್ದದ ಬಿಳಿ ಬಟ್ಟೆ, ಮುಖ ಸರಿಯಾಗಿ ಕಾಣುವುದಿಲ್ಲ. ಆಗ ಇವಳಿಗೆ ಕೈಕಾಲು ಆಡುವುದಿಲ್ಲ, ಬಾಯಿ ಬರುವುದಿಲ್ಲ. ಬೆಳಿಗ್ಗೆ ನನ್ನ ಕುತ್ತಿಗೆ ಹಿಡಿದು “ಅವಳನ್ನು ಕಳಿಸು ಮಮ್ಮಿ” ಎಂದು ಅಳುತ್ತಾಳೆ. ಮಲಗುವ ಹೊತ್ತಾದರೆ ಬಾಗಿಲಿನ ಚೌಕಟ್ಟು ಹಿಡಿದು ನಿಂತುಬಿಡುತ್ತಾಳೆ. ನನಗೂ ಹೆದರಿಕೆ, ಸುಳ್ಳು ಯಾಕೆ ಹೇಳಲಿ.

ಪಕ್ಕದ ಮನೆಯ ಗುಣವತಿ ಅಕ್ಕನಿಗೆ ಹೇಳಿದೆ. “ನಮ್ಮಲ್ಲಾದರೆ ಯಾವುದೋ ದೈವದ್ದು ಉಂಟು ಅಂತ ಜೋಯಿಸರ ಹತ್ತಿರ ಪ್ರಶ್ನೆ ಇಡಿಸ್ತಿದ್ರು. ನಿಮ್ಮಲ್ಲಿ ಎಂತ ಮಾಡ್ತಾರೆ?” ಎಂದು ಕೇಳಿದರು. ನಮ್ಮಲ್ಲಿ ಎಂತ ಮಾಡುತ್ತಾರೆ ಎಂದು ಅದೇ ಸಂಜೆ ಗೊತ್ತಾಯಿತು. ಅತ್ತೆ ಕೇಳಿಸಿಕೊಂಡು ಅಳಲು ಶುರು ಮಾಡಿದರು. ಹೆದರಿ ಅಲ್ಲ, ಆನಂದದಿಂದ. ನಿಮಗೂ ಅದೇ ಪ್ರಾಯದಲ್ಲಿ ಅವಳು ಬಂದಿದ್ದಳಂತೆ. ಅದಕ್ಕೇ ನೀವು ಮಠಕ್ಕೆ ಹೋದದ್ದಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಯಾರೂ ಹೇಳಿರಲಿಲ್ಲ. ಹೌದಾ?

ಜೆನಿಟಾ


ಬೀದರ್, 29 ನವೆಂಬರ್ 2024

ನನ್ನ ಪ್ರೀತಿಯ ಜೆನಿಟಾ,

ಭಾನುವಾರದಿಂದ ಆಗಮನ ಕಾಲ, ಆಮೇಲೆ ಕ್ರಿಸ್ಮಸ್‌ವರೆಗೆ ನಮಗೆ ಪತ್ರವಿಲ್ಲ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ.

ಹೌದು. ನನಗೆ ಏಳು ವರ್ಷ. ಅದೇ ಕೋಣೆ, ಅದೇ ಎಡಗಡೆ. ಬಿಳಿ ಬಟ್ಟೆ, ಮಾತಿಲ್ಲ. ನನ್ನ ಒಂದು ಬೆರಳೂ ಅಲುಗಲಿಲ್ಲ. ಮೊದಲು ನಾನೂ ಹೆದರಿದ್ದೆ. ಮರಿಯಮ್ಮನಲ್ಲದೆ ಮತ್ತೆ ಯಾರು ಹಾಗೆ ಬರುತ್ತಾರೆ ಎಂದು ಅಮ್ಮ ಹೇಳಿದ ಮೇಲೆ ಹೆದರಿಕೆ ಹೋಯಿತು. ಆಮೇಲೆ ಎಷ್ಟೋ ಸಲ ಬಂದಳು. ಇಲ್ಲಿಗೂ ಬರುತ್ತಾಳೆ. ಇಷ್ಟು ವರ್ಷ ಈ ಗೋಡೆಗಳ ಒಳಗೆ ನಾನು ಒಂಟಿ ಎಂದು ಅನ್ನಿಸದಿದ್ದರೆ ಅದು ಅವಳಿಂದ. ಇದನ್ನು ಮದರ್‌ಗೆ ಮತ್ತು ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಡೈನಾಳಿಗೆ ಹೇಳು, ಹೆದರಬಾರದು. ಊರೆಲ್ಲ ಸಾರಬೇಡಿ. ಡಾಕ್ಟರ್, ಸಿರಪ್ ಎಂದು ಓಡಬೇಡ ಜೆನಿಟಾ, ಅಂಥವಳು ಬಂದಾಗ ಔಷಧಿ ಕೊಟ್ಟು ಓಡಿಸುವುದುಂಟೇ? ನಮ್ಮ ಮನೆಯ ಇನ್ನೊಂದು ಹುಡುಗಿಯನ್ನು ಅವಳು ಆರಿಸಿಕೊಂಡಿದ್ದಾಳೆ. ನನಗೆ ಎಷ್ಟು ಸಂತೋಷವಾಗಿದೆ ಎಂದು ಬರೆಯಲು ಬರುವುದಿಲ್ಲ.

ನಿನ್ನ ಆನ್ಸಿಲ್ಲಾ


ಕಾಪು, 12 ಫೆಬ್ರವರಿ 2025

ಆನ್ಸಿಲ್ಲಾ ಬಾಯಿ,

ಊರೆಲ್ಲ ಸಾರಬೇಡಿ ಎಂದು ಬರೆದಿರಿ. ಆ ಪತ್ರವನ್ನೇ ಅತ್ತೆ ಲಿಯೋನೆಲ್ ಮಾಮನ ಪ್ರಾರ್ಥನಾ ಕೂಟದಲ್ಲಿ ಗಟ್ಟಿಯಾಗಿ ಓದಿದರು. ಡಿಸೆಂಬರಿನಲ್ಲಿ ಕಾರ್ಕಳದ ಆಚೆ ಎಲ್ಲೋ ಒಂದು ಧ್ಯಾನಕೂಟಕ್ಕೆ ಮಗುವನ್ನು ಕರೆದುಕೊಂಡು ಹೋದರು. ಕೀಬೋರ್ಡ್, ಚಪ್ಪಾಳೆ, ಹಾಡು. ಡೈನಾಳಿಗೆ ಹಾಡೆಂದರೆ ಪ್ರಾಣ. ಖುಷಿಯಿಂದ ಕುಣಿದಳು, ಕುಸಿದಳು. ಅಲ್ಲಿ ದೊಡ್ಡವರೂ ಬೀಳುತ್ತಾರಲ್ಲ, ಇಷ್ಟು ಚಿಕ್ಕ ಹುಡುಗಿಯ ಮೇಲೆ ಪವಿತ್ರಾತ್ಮ ಇಳಿಯಿತು ಎಂದು ಜನ ಸುತ್ತ ಮೊಣಕಾಲೂರಿದರು. ಈಗ ನಮ್ಮ ಮನೆಯ ಹಾಲ್‌ನಲ್ಲಿ ವಾರವಾರ ಪ್ರಾರ್ಥನೆ. ಚಪ್ಪಲಿಗಳಿಗೆ ಅಂಗಳ ಸಾಕಾಗುವುದಿಲ್ಲ. ಯಾರಿಗೋ ಮಗುವಾಗಬೇಕು, ಯಾರಿಗೋ ವೀಸಾ ಆಗಬೇಕು, ನನ್ನ ಮಗಳು ತಲೆ ಮುಟ್ಟಬೇಕು.

ಬಟ್ಟೆ ತರುವ ನೆಪ ಹೇಳಿ ಡೈನಾಳನ್ನು ಕರೆದುಕೊಂಡು ಉಡುಪಿ ಬಸ್ಸು ಹತ್ತಿದೆ, ಅಲ್ಲಿಂದ ಮಣಿಪಾಲದ ಆಸ್ಪತ್ರೆ. ಡಾಕ್ಟರ್ ಚೈತಾಲಿ ಎಂದು, ಮಕ್ಕಳ ನಿದ್ರೆಯ ರೋಗವನ್ನೇ ನೋಡುವವರು. ನಾನು ಹೇಳುತ್ತಿದ್ದಂತೆ ಪೆನ್ನು ಕೆಳಗಿಟ್ಟರು. ಮೊಬೈಲಿನಲ್ಲಿ ಒಂದು ಕೋತಿಯ ವಿಡಿಯೋ ತೋರಿಸಿ ಡೈನಾಳನ್ನು ನಗಿಸಿದರು, ಬೀಳುವಾಗ ತಾವೇ ಹಿಡಿದುಕೊಂಡರು. ಬಿದ್ದವಳ ಕಿವಿಯಲ್ಲಿ “ನಿನಗೆ ಎಲ್ಲ ಕೇಳ್ತಾ ಉಂಟಲ್ವಾ ಪುಟ್ಟಿ? ಹೆದರಬೇಡ, ನಾನು ಹಿಡಿದಿದ್ದೇನೆ” ಎಂದರು. ಎದ್ದ ಮೇಲೆ ಡೈನಾ ನನ್ನ ಕಡೆ ತಿರುಗಿ “ಇವರಿಗೆ ಗೊತ್ತುಂಟು ಮಮ್ಮಿ” ಎಂದಳು. ಬಾಯಿ, ಆ ಕುರ್ಚಿಯಲ್ಲಿ ಕೂತು ನಾನು ಹೋ ಎಂದು ಅತ್ತುಬಿಟ್ಟೆ.

ತಾಯಿಯ ಮನೆಗೆ ಎಂದು ಹೇಳಿ ಇನ್ನೊಮ್ಮೆ ಹೋದೆವು. ತಲೆಗೆ ವಯರು ಅಂಟಿಸಿ ರಾತ್ರಿ ಮಲಗಿಸಿದರು, ಮರುದಿನ ಹಗಲಲ್ಲೂ ಮತ್ತೆ ಮತ್ತೆ ಮಲಗಿಸಿ ನೋಡಿದರು. ನಾರ್ಕೊಲೆಪ್ಸಿ ಅಂತೆ. ಮಕ್ಕಳಲ್ಲಿ ತೀರಾ ಅಪರೂಪ, ತುಂಬ ಜನಕ್ಕೆ ಗುರುತೇ ಸಿಗುವುದಿಲ್ಲ. ಎಚ್ಚರ ಇಡುವ ರಸ ಮಿದುಳಿನಲ್ಲಿ ಬತ್ತಿಹೋಗುತ್ತದೆ. ಆಗ ಹಗಲು ನಿದ್ರೆ. ನಗು, ಖುಷಿ ಬಂದರೆ ಮೈಯ ಬಲ ಹೋಗುವುದು, ಆದರೆ ಬುದ್ಧಿ ಎಚ್ಚರ. ಮಲಗುವಾಗ ಕನಸು ಮೊದಲೇ ಬಂದುಬಿಡುತ್ತದೆ, ಕಣ್ಣೆದುರು ಯಾರೋ ನಿಂತ ಹಾಗೆ, ಕೈಕಾಲು ಕಟ್ಟಿದ ಹಾಗೆ. ಆ ಹೆಂಗಸು ಎಡಗಡೆ ಯಾಕೆ ನಿಲ್ಲುತ್ತಾಳೆ ಎಂದು ಕೇಳಿದೆ. ಎಡಗಡೆ ಎಂತ ಉಂಟು ಎಂದು ಅವರು ತಿರುಗಿ ಕೇಳಿದರು. ಬಾಗಿಲು ಉಂಟು, ನಾನು ಅಲ್ಲಿಂದ ಬಂದು ಹೊದಿಕೆ ಹೊದೆಸುವುದು.

ಪೂರ್ತಿ ಗುಣವಾಗುವ ರೋಗವಲ್ಲ. ಆದರೆ ಮಾತ್ರೆ ಉಂಟು, ಹಗಲಲ್ಲೂ ಹೊತ್ತುಹೊತ್ತಿಗೆ ಸ್ವಲ್ಪ ಮಲಗಿಸಬೇಕು. ಒಂದೇ ತಾಕೀತು, ಬೀಳುವುದಕ್ಕೆ ಕೊಟ್ಟ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ, ಹೆಚ್ಚು ಹೊತ್ತು ಬೀಳುತ್ತಾಳೆ. ಅಕ್ಕಿ ಡಬ್ಬದಲ್ಲಿ ಅಡಗಿಸಿ ಕೊಡುತ್ತಿದ್ದೆ. ಮೊನ್ನೆ ಡೈನಾ ಗುಣವತಿ ಅಕ್ಕನ ಕೋಳಿ ಹಿಂದೆ ಓಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಂತುಕೊಂಡೇ ನಕ್ಕಳು! ನೀವು ನೋಡಬೇಕಿತ್ತು.

ಈಗ ಅತ್ತೆಗೆ ಗೊತ್ತಾಗಿದೆ. “ಆನ್ಸಿಲ್ಲಾಳಿಗೆ ಬಂದದ್ದು ರೋಗವಾ? ಅವಳು ಹೇಳಲಿ, ನಾನೇ ಮಾತ್ರೆ ಕೊಡ್ತೇನೆ” ಎನ್ನುತ್ತಾರೆ. ನಿಮ್ಮ ಮಾತು ಬಿಟ್ಟು ಬೇರೆ ಯಾರ ಮಾತೂ ಅವರಿಗೆ ಬೇಡ. ಡಾಕ್ಟರ್ ಕೂಡ ಕೇಳಿದರು, ತಂದೆಯ ಕಡೆ ಯಾರಿಗಾದರೂ ಹೀಗೆ ಹಗಲು ನಿದ್ರೆ, ಬೀಳುವುದು ಇತ್ತಾ ಎಂದು. ನಾನು ಕೈಮುಗಿದು ಕೇಳುತ್ತೇನೆ. ಒಂದೇ ಸಾಲು ಬರೆಯಿರಿ.

ಜೆನಿಟಾ


ಬೀದರ್, 3 ಮಾರ್ಚ್ 2025

ಪ್ರಿಯ ಜೆನಿಟಾ,

ಪತ್ರ ತಲುಪಿತು. ನಮ್ಮ ಕುಟುಂಬದಲ್ಲಿ ಅಂಥ ಕಾಯಿಲೆ ಯಾರಿಗೂ ಇಲ್ಲ.

ವೈದ್ಯರಿಗೆ ಅವರ ವಿದ್ಯೆ ಗೊತ್ತು, ಅದರಾಚೆಯದು ಗೊತ್ತಿಲ್ಲ. ಮಗುವಿಗೆ ಯಾವುದು ಒಳ್ಳೆಯದೋ ಅದನ್ನು ಅಮ್ಮನ ಜೊತೆ ಕೂತು ತೀರ್ಮಾನಿಸಿ. ನಾನು ದೂರದಲ್ಲಿರುವವಳು, ಇಂಥ ವಿಷಯದಲ್ಲಿ ಮಾತಾಡುವುದು ಸರಿಯಲ್ಲ.

ಬುಧವಾರ ಹಣೆಗೆ ಬೂದಿ ಹಚ್ಚಿ ತಪಸ್ಸುಕಾಲ ಶುರು ಮಾಡುತ್ತಾರೆ. ಈಸ್ಟರ್ ಪಾಸ್ಕ ಹಬ್ಬದವರೆಗೆ ಪತ್ರ ಬರೆಯುವುದೂ ಇಲ್ಲ, ಬಂದದ್ದನ್ನು ತೆರೆಯುವುದೂ ಇಲ್ಲ. ತಪಸ್ಸುಕಾಲ ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ಸಿಸ್ಟರ್ ಆನ್ಸಿಲ್ಲಾ


ಮಣಿಪಾಲ, 28 ಮಾರ್ಚ್ 2025

ಆನ್ಸಿಲ್ಲಾ,

ಇದನ್ನು ನೀವು ಪಾಸ್ಕ ಕಳೆದ ಮೇಲೆ ಓದುತ್ತೀರಿ ಎಂದು ಗೊತ್ತುಂಟು. ಕವರಿನ ಮೇಲೆ ‘ತಡೆಯಬೇಡಿ’ ಎಂದು ಬರೆಯುತ್ತೇನೆ. ಆದರೂ ತಡೆಯುತ್ತೀರಿ.

ನಿಮ್ಮ ಪತ್ರ ಓದಿದ ದಿನವೇ ಅತ್ತೆ ಮಾತ್ರೆಯ ಪಟ್ಟಿಗಳನ್ನು ಬಾವಿಗೆ ಎಸೆದರು. “ಯಾರಿಗೂ ಇಲ್ಲ ಅಂತ ಅವಳೇ ಬರೆದಿದ್ದಾಳೆ, ಓದು” ಎಂದು ನನ್ನ ಮುಖಕ್ಕೆ ಹಿಡಿದರು. ಮತ್ತೆ ತರಲು ಹೊರಟರೆ ಲಿಯೋನೆಲ್ ಮಾಮ ಸ್ಟೀವನಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಮನೆಯ ಮರ್ಯಾದೆ ತೆಗೆಯಬೇಡ ಎಂದು ನನ್ನ ಗಂಡ ಹೇಳಿದರು. ಡಾಕ್ಟರ್ ಹೇಳಿದ ಹಾಗೆಯೇ ಆಯಿತು. ಡೈನಾ ದಿನಕ್ಕೆ ಎಷ್ಟು ಸಲ ಬೀಳುತ್ತಿದ್ದಳು ಎಂದು ಲೆಕ್ಕ ಇಟ್ಟಿಲ್ಲ. ಬಿದ್ದರೆ ಬೇಗ ಏಳುತ್ತಲೂ ಇರಲಿಲ್ಲ.

ದೇವದೂತ ಮರಿಯಮ್ಮನಿಗೆ ಶುಭವಾರ್ತೆ ತಂದ ಹಬ್ಬಕ್ಕೆ ಮನೆ ತುಂಬ ಜನ. ಮರಿಯಮ್ಮನ ಪಟದ ಮುಂದೆ ತಗಡಿನ ತಟ್ಟೆಯಲ್ಲಿ ಬಂದವರೆಲ್ಲ ಮೇಣದ ಬತ್ತಿ ಹಚ್ಚಿ ಇಟ್ಟಿದ್ದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಅವಳಿಗೆ ಇಷ್ಟದ ಹಾಡು ಶುರುವಾಯಿತು. ನನಗೆ ಅವಳ ಸ್ವರ ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಹಾಡು ಮಾತ್ರ ಇನ್ನೂ ಜೋರಾಯಿತು.

ಆ ಬತ್ತಿಗಳ ಮೇಲೆ ಬಿದ್ದಿದ್ದಳು. ಬಲಗೆನ್ನೆ, ಕಿವಿ, ಬಲಗೈ. ಯಾರೂ ಎತ್ತಲಿಲ್ಲ. “ಮುಟ್ಟಬೇಡಿ, ಅವಳು ಮರಿಯಮ್ಮನ ಹತ್ತಿರ ಮಾತಾಡ್ತಾ ಇದ್ದಾಳೆ” ಎಂದು ಲಿಯೋನೆಲ್ ಮಾಮ ಎರಡೂ ಕೈ ಚಾಚಿ ಜನರನ್ನು ತಡೆದರು. ಅವಳು ಅಳಲಿಲ್ಲವಲ್ಲ! ಅಳಲಿಲ್ಲ, ಕೂಗಲಿಲ್ಲ, ಕಣ್ಣು ತೆರೆದು ಶಾಂತವಾಗಿ ಮಲಗಿದ್ದಾಳೆ, ನೋಯುತ್ತಿಲ್ಲ, ಅದೇ ಪವಾಡ ಎಂದುಕೊಂಡರು. ರವಿಕೆ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಗುಣವತಿ ಅಕ್ಕನೇ “ಮಗು ಸುಡ್ತಾ ಉಂಟು ಮಾರಾಯ್ರೆ, ನಿಮಗೆಂತ ಮರುಳಾ!” ಎಂದು ಕಿರುಚಿ ನುಗ್ಗಿ ಎಳೆದದ್ದು. ಅವರ ಅಂಗೈಯೂ ಸುಟ್ಟಿದೆ.

ಆಸ್ಪತ್ರೆಯಲ್ಲಿ ಡೈನಾಳಿಗೆ ಬಾಯಿ ಬಂದ ಮೇಲೆ ಮೊದಲು ಹೇಳಿದ್ದು, “ನಾನು ಕರೆದೆ ಮಮ್ಮಿ, ನಿನಗೆ ಕೇಳಲಿಲ್ಲ.”

ಅವಳಿಗೆ ಎಲ್ಲ ಗೊತ್ತಾಗುತ್ತಿತ್ತು. ಸುಡುವುದು ಗೊತ್ತಾಗುತ್ತಿತ್ತು. ನಾನು ಕೇಳಿದ್ದು ಒಂದು ಸಾಲು. ನೀವು ಬರೆದದ್ದೂ ಒಂದು ಸಾಲೇ.

ಜೆನಿಟಾ


ಬೀದರ್, 21 ಏಪ್ರಿಲ್ 2025

ಜೆನಿಟಾ,

ಇವತ್ತು ಬೆಳಿಗ್ಗೆ ಮದರ್ ಪತ್ರಗಳ ಪೆಟ್ಟಿಗೆ ತೆರೆದರು. ಕವರಿನ ಮೇಲೆ ನೀನು ಬರೆದ ‘ತಡೆಯಬೇಡಿ’ಯನ್ನು ಅವರು ಬಂದ ದಿನವೇ ನೋಡಿದ್ದರಂತೆ. ಎಲ್ಲರ ಮನೆಯವರೂ ಹಾಗೆಯೇ ಬರೆಯುತ್ತಾರೆ ಎಂದುಕೊಂಡರಂತೆ. ಓದಿ ಮುಗಿಸಿ ನನ್ನ ಮುಂದೆ ಇಟ್ಟರು.

ಫೆಬ್ರವರಿಯ ನಿನ್ನ ಪತ್ರ ಓದುವಾಗಲೇ ನನಗೆ ತಿಳಿದಿತ್ತು. ಡಾಕ್ಟರ್ ಹೇಳಿದ್ದು ಒಂದೊಂದೂ ನನ್ನದೇ. ಧ್ಯಾನದಲ್ಲಿ ದಿನವೂ ನಿದ್ರೆ ಹೋಗುತ್ತೇನೆ, ದಿನವೂ ಅದಕ್ಕೆ ಪ್ರಾಯಶ್ಚಿತ್ತ ಮಾಡುತ್ತೇನೆ. ಬಂದ ಹೊಸತರಲ್ಲಿ ಊಟದ ಮನೆಯಲ್ಲಿ ಯಾರೋ ನಗಿಸಿದಾಗ ಸಾರಿನ ಪಾತ್ರೆಯ ಜೊತೆ ಕುಸಿದಿದ್ದೆ. ಅಂದಿನಿಂದ ನಗುವುದನ್ನು ಬಿಟ್ಟೆ. ಗಂಟುಮೋರೆ ಅದರಿಂದ ಬಂದದ್ದು. ಸಂತೋಷವಾದರೆ ಗೋಡೆ ಹಿಡಿಯುತ್ತೇನೆ. ಅವಳು ಎಡಗಡೆಯೇ ಯಾಕೆ ಎಂದು ನಾನೂ ಯೋಚಿಸಿದೆ. ಆ ಕೋಣೆಯ ಬಾಗಿಲಿನಿಂದ ಅಮ್ಮ ಬಿಳಿ ನೈಟಿಯಲ್ಲಿ ಬಂದು ನನಗೂ ಹೊದಿಕೆ ಹೊದೆಸುತ್ತಿದ್ದರು.

ಗೊತ್ತಿದ್ದೂ ‘ಯಾರಿಗೂ ಇಲ್ಲ’ ಎಂದು ಬರೆದೆ. ಬರೆಯದಿದ್ದರೆ ನಾನು ಇಲ್ಲಿ ಯಾಕಿದ್ದೇನೆ ಎಂದು ಹೇಳಲು ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ. ಕ್ಷಮೆ ಕೇಳುವುದಿಲ್ಲ, ನೀನು ಕೊಡುವುದೂ ಬೇಡ.

ಜೊತೆಗೆ ಅಮ್ಮನಿಗೆ ಬೇರೆ ಹಾಳೆ ಉಂಟು. ನನಗೆ ಬಂದದ್ದು ರೋಗ, ಡೈನಾಳಿಗೂ ಅದೇ ರೋಗ, ಮಾತ್ರೆ ಕೊಡಬೇಕು ಎಂದು ಬರೆದಿದ್ದೇನೆ. ಕೂಟದವರ ಎದುರೇ ಓದಿಸು. ಕೆಳಗೆ ಮದರ್ ಕೂಡ ಸಹಿ ಹಾಕಿದ್ದಾರೆ, ನನ್ನ ಮೇಲೆ ಯಾರೂ ಒತ್ತಡ ಹಾಕಿಲ್ಲ ಎಂದು ಅಮ್ಮ ನಂಬಬೇಕಲ್ಲ.

ಆನ್ಸಿಲ್ಲಾ


ಹಿರಿಯಡ್ಕ, 15 ಜೂನ್ 2025

ಆನ್ಸಿಲ್ಲಾ ಬಾಯಿ,

ಉತ್ತರ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದೆ. ಡೈನಾಳಿಗಾಗಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಈಗ ನನ್ನ ತಾಯಿಯ ಮನೆಯಲ್ಲಿ. ಕಾಪುವಿಗೆ ನಾನು ವಾಪಸು ಹೋಗುವುದಿಲ್ಲ, ಸ್ಟೀವನ್ ಬಂದು ಕರೆದರೂ ಅಷ್ಟೇ. ಕೆನ್ನೆಯ ಚರ್ಮಕ್ಕೆ ಇನ್ನೊಂದು ಆಪರೇಷನ್ ಉಂಟು. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಮಾತ್ರೆ ಮತ್ತೆ ಶುರುವಾಗಿದೆ, ಈಗ ಬೀಳುವುದು ತೀರಾ ಅಪರೂಪ. ಆದರೂ ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿದು ನೆಲದಲ್ಲಿ ಕೂತುಬಿಡುತ್ತಾಳೆ. ಹಾಡು ಕೇಳಿದರೆ ಹೊರಗೆ ಓಡುತ್ತಾಳೆ.

ನಿಮ್ಮ ಹಾಳೆಯನ್ನು ಕೂಟದಲ್ಲಿ ಓದಿಸಲಿಲ್ಲ, ಕೂಟವೇ ಇಲ್ಲ. ಅತ್ತೆ ಆಸ್ಪತ್ರೆಗೆ ಬಂದಿದ್ದರು, ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿ ಎರಡು ಸಲ ಓದಿದರು. ಆಮೇಲೆ ಕೇಳಿದ್ದು ಇಷ್ಟೇ, “ಹಾಗಾದರೆ ಆನ್ಸಿಲ್ಲಾಳ ಮುಖಕ್ಕೆ ನಾನು ನೀರು ಎರಚಿದ್ದು?” ಅವರ ಮೇಲೆ ಸಿಟ್ಟು ಮಾಡಬೇಕೆಂದು ಕಾದಿದ್ದೆ, ಅದೂ ಆಗಲಿಲ್ಲ.

ಡಾಕ್ಟರ್ ಚೈತಾಲಿಗೆ ನಿಮ್ಮ ವಿಷಯ ಹೇಳಿದೆ. ಇಷ್ಟು ವರ್ಷ ಮದ್ದಿಲ್ಲದೆ ಹೇಗೆ ಇದ್ದರು ಎಂದು ಆಶ್ಚರ್ಯಪಟ್ಟರು. ಪರೀಕ್ಷೆಗೆ ಬರಲಿ, ಈಗಲೂ ಮಾತ್ರೆ ಕೊಡಬಹುದು ಎಂದಿದ್ದಾರೆ. ಮಾತ್ರೆ ತಿಂದರೆ ಆ ಹೆಂಗಸು ಬರುವುದು ಕಡಿಮೆಯಾಗುತ್ತದೆ, ಡೈನಾಳಿಗೆ ಈಗ ಬರುವುದೇ ಇಲ್ಲ.

ನಾನು ಬರೆಯುವಾಗ ಡೈನಾ ಪಕ್ಕದಲ್ಲಿ ಕೂತು ಯಾರಿಗೆ ಎಂದು ಕೇಳಿದಳು. ಹೇಳಿದೆ. ನಿಮಗೆ ಹೇಳಲು ಒಂದು ಮಾತು ಕೊಟ್ಟಿದ್ದಾಳೆ, ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. “ಆಂಟಿಗೆ ಹೆದರಬೇಡ ಅಂತ ಹೇಳು. ಅವಳು ಯಾರೂ ಅಲ್ಲ. ಅದು ನಿದ್ರೆ ಮಾತ್ರ.”

ಜೆನಿಟಾ


ಬೀದರ್, 11 ಜುಲೈ 2025

ಪ್ರಿಯ ಜೆನಿಟಾ,

ಮದರ್ ಅನುಮತಿ ಕೊಟ್ಟಿದ್ದಾರೆ, ಆಗಸ್ಟಿನಲ್ಲಿ ಮಣಿಪಾಲಕ್ಕೆ ಬರುತ್ತೇನೆ. ಮಠಕ್ಕೆ ಬಂದ ಮೇಲೆ ಮೊದಲ ಸಲ ಗೇಟು ದಾಟುವುದು. ನೀನು ಆಸ್ಪತ್ರೆಗೆ ಬರಬೇಕೆಂದಿಲ್ಲ.

ನಿನ್ನೆ ರಾತ್ರಿಯೂ ಅವಳು ಎಡಗಡೆ ಬಂದು ನಿಂತಿದ್ದಳು. ಇಷ್ಟು ವರ್ಷ ನನ್ನ ಕೈಕಾಲು ಆಡದಿದ್ದುದನ್ನು ನಾನು ಭಕ್ತಿ ಎಂದುಕೊಂಡಿದ್ದೆ. ನಿನ್ನೆ ಅವಳ ಮುಖ ಕಾಣಬೇಕೆಂದು ತುಂಬ ಪ್ರಯತ್ನಪಟ್ಟೆ, ಕಾಣಲಿಲ್ಲ.

ಡೈನಾಳಿಗೆ ಹೇಳು, ಆ ಹೆಂಗಸು ಬಂದರೆ ಆಂಟಿಗೆ ಹೆದರಿಕೆ ಇಲ್ಲ. ಇನ್ನು ಬಾರದೆ ಹೋದರೆ ಎಂಬುದೇ ಹೆದರಿಕೆ. ಆದರೂ ಡಾಕ್ಟರ್ ಕೊಡುವ ಮಾತ್ರೆ ತಿನ್ನುತ್ತೇನೆ ಎಂದು ಹೇಳು.

ಆನ್ಸಿಲ್ಲಾ